ಉಬ್ರಾಣಿಯ ಕಪ್ಪು ಕಲ್ಲು ಮತ್ತು ಪರಮಾಣುಗಳ ತಕ್ಕಡಿ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕು ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಅಡಿಕೆ ತೋಟ, ಇಲ್ಲವೆ ಸೂಳೆಕೆರೆ ಎಂದು ಹೆಸರಾದ ಶಾಂತಿಸಾಗರ. ಭೂವಿಜ್ಞಾನಿಗಳಿಗೆ ಮಾತ್ರ ಇದೇ ತಾಲ್ಲೂಕಿನ ಬೇರೆ ಕೆಲವು ಊರುಗಳು ಪರಿಚಿತ: ಉಬ್ರಾಣಿ, ಮಸಣಿಕೆರೆ, ತಾವರೆಕೆರೆ, ಹನುಮಲಾಪುರ. ಈ ಊರುಗಳ ಆಸುಪಾಸಿನಲ್ಲಿ ಕಪ್ಪಗಿನ, ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರದ ಒಂದು ಬಗೆಯ ಕಲ್ಲು ಸಿಗುತ್ತದೆ. ಕಾಂತವನ್ನು ಹತ್ತಿರ ತಂದರೆ ಅಂಟಿಕೊಳ್ಳುತ್ತದೆ. ಇದು ಟೈಟೇನಿಯಂ ಬೆರೆತ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು. ಇದರಲ್ಲಿ ವೆನೇಡಿಯಂ ಕೂಡ ಇದೆ. (1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಆದ್ದರಿಂದ ಹಳೆಯ ವರದಿಗಳಲ್ಲಿ ಇವನ್ನು ಹುಡುಕುವವರು ಶಿವಮೊಗ್ಗ ಎಂಬ ತಲೆಬರಹದ ಕೆಳಗೆ ನೋಡಬೇಕು.)

ಇಂಥ ಕಲ್ಲು ಒಂಟಿಯಾಗಿ ಹುಟ್ಟುವುದಿಲ್ಲ. ಭೂಮಿಯ ಆಳದಿಂದ ಮೇಲೆ ನುಗ್ಗಿದ ಶಿಲಾಪಾಕ ನಿಧಾನವಾಗಿ ತಣ್ಣಗಾಗುವಾಗ ಬೇರೆ ಬೇರೆ ಖನಿಜಗಳು ಬೇರೆ ಬೇರೆ ಹೊತ್ತಿನಲ್ಲಿ ಹರಳುಗಟ್ಟಿ ಪದರ ಪದರವಾಗಿ ನಿಲ್ಲುತ್ತವೆ. ದಕ್ಷಿಣ ಆಫ್ರಿಕದ ಬುಷ್‌ವೆಲ್ಡ್ ಇದರ ಅತಿ ದೊಡ್ಡ ಮಾದರಿ. ಅಲ್ಲಿ ಮೇಲಿನ ಪದರಗಳಲ್ಲಿ ವೆನೇಡಿಯಂ ಇರುವ ಮ್ಯಾಗ್ನಟೈಟ್ ಇದೆ. ಅದಕ್ಕಿಂತ ಕೆಳಗಿನ ಒಂದು ತೆಳು ಪದರದಲ್ಲಿ ಪ್ಲಾಟಿನಂ ಮತ್ತು ಪಲ್ಲಾಡಿಯಂ ಇವೆ. ಆ ಪದರವನ್ನು 1924ರಲ್ಲಿ ಗುರುತಿಸಿದ ಹಾನ್ಸ್ ಮೆರೆನ್‌ಸ್ಕಿಯ ಹೆಸರೇ ಅದಕ್ಕೆ ಉಳಿದಿದೆ. ಒಂದು ಕಡೆ ಮ್ಯಾಗ್ನಟೈಟ್ ಪದರ ಕಂಡರೆ ಅದರ ನೆರೆಯಲ್ಲಿ ಪ್ಲಾಟಿನಂ ಇದೆಯೇ ಎಂದು ಹುಡುಕುವುದು ಹೀಗೆ ರೂಢಿಗೆ ಬಂತು. ಚನ್ನಗಿರಿಯಲ್ಲೂ ಹುಡುಕಿದರು. ಹನುಮಲಾಪುರದ ಶಿಲೆಗಳಲ್ಲಿ ಪ್ಲಾಟಿನಂ ಗುಂಪಿನ ಧಾತುಗಳಿರುವುದನ್ನು ಫಿನ್ಲೆಂಡಿನ ಅಲಪಿಯೆಟಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಟಿ. ಸಿ. ದೇವರಾಜು ಮತ್ತು ಅವರ ಸಹೋದ್ಯೋಗಿ 2008ರಲ್ಲಿ ಪ್ರಕಟವಾದ ಲೇಖನದಲ್ಲಿ ವಿವರಿಸಿದರು. ಈ ಶಿಲೆಗಳು ಆರ್ಕಿಯನ್ ಯುಗದ ಕೊನೆಯ ಭಾಗಕ್ಕೆ ಸೇರಿದವು, ಅಂದರೆ 250 ಕೋಟಿ ವರ್ಷಗಳಿಗೂ ಹಳೆಯವು. 2015ರ ರಾಷ್ಟ್ರೀಯ ಖನಿಜ ದಾಸ್ತಾನಿನ ಲೆಕ್ಕದಲ್ಲಿ ದೇಶದ ಪ್ಲಾಟಿನಂ ಗುಂಪಿನ ಲೋಹಸಂಪತ್ತು 15.7 ಟನ್. ಅದರಲ್ಲಿ 14.2 ಟನ್ ಒಡಿಶಾದ್ದು, ಉಳಿದ ಒಂದೂವರೆ ಟನ್ ಕರ್ನಾಟಕದ್ದು, ಹನುಮಲಾಪುರದ ಹೆಸರಿನಲ್ಲಿ.

ಒಂದೂವರೆ ಟನ್ ಲೋಹವನ್ನು ಯಾರೂ ತಕ್ಕಡಿಯಲ್ಲಿಟ್ಟು ತೂಗಿಲ್ಲ. ಟನ್ ಕಲ್ಲಿಗೆ ಒಂದು ಗ್ರಾಂ ಲೋಹ ಎಂದು ಊಹಿಸಿದರೂ, ಅಷ್ಟು ಲೋಹ ಹದಿನೈದು ಲಕ್ಷ ಟನ್ ಬಂಡೆಯಲ್ಲಿ ಹರಡಿ ಹೋಗಿರುತ್ತದೆ. ಕೊರೆದು ತೆಗೆದ ಕಲ್ಲಿನ ಕಂಬಗಳಿಂದ ಚೂರುಗಳನ್ನು ಆಯ್ದು, ಪುಡಿ ಮಾಡಿ, ಪ್ರಯೋಗಶಾಲೆಯಲ್ಲಿ ಅಳೆದು, ಬಂದ ಅಂಕಿಗಳನ್ನು ಬಂಡೆಯ ಗಾತ್ರದಿಂದ ಗುಣಿಸಿ ಇಂಥ ಮೊತ್ತವನ್ನು ಹೇಳುತ್ತಾರೆ. ಪುಡಿಯ ಅಂಕಿ ತಪ್ಪಿದರೆ ಟನ್ನಿನ ಅಂಕಿಯೂ ಅದೇ ಪ್ರಮಾಣದಲ್ಲಿ ತಪ್ಪುತ್ತದೆ. ಪುಡಿಯಲ್ಲಿರುವ ಲೋಹ ಎಷ್ಟೆಂದು ಹೇಳುವ ಉಪಕರಣಗಳಲ್ಲಿ ಇಂದು ಮುಖ್ಯವಾದದ್ದು ದ್ರವ್ಯರಾಶಿ ರೋಹಿತಮಾಪಕ. ಅದು ಹೇಗೆ ಕೆಲಸ ಮಾಡುತ್ತದೆ, ಅದರ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೇ ಈ ಲೇಖನದ ವಿಷಯ.

ಪರಮಾಣುವನ್ನು ತೂಗುವ ಬಗೆ

ಚಲಿಸುತ್ತಿರುವ ವಿದ್ಯುದಾವೇಶವನ್ನು ಕಾಂತಕ್ಷೇತ್ರ ಬಾಗಿಸುತ್ತದೆ ಎಂಬುದು ಪಿಯುಸಿ ವಿದ್ಯಾರ್ಥಿಗಳಿಗೆ ಗೊತ್ತು. ಒಂದು ಪರಮಾಣುವಿನಿಂದ ಒಂದು ಇಲೆಕ್ಟ್ರಾನನ್ನು ಕಿತ್ತು ಅದನ್ನು ಧನ ಅಯಾನಾಗಿ ಮಾಡಿ, ನಿರ್ವಾತದಲ್ಲಿ ಕೆಲವು ಸಾವಿರ ವೋಲ್ಟ್‌ಗಳಿಂದ ವೇಗೋತ್ಕರ್ಷಗೊಳಿಸಿ ಕಾಂತಕ್ಷೇತ್ರಕ್ಕೆ ಬಿಟ್ಟರೆ ಅದು ವೃತ್ತಾಕಾರದಲ್ಲಿ ಸಾಗುತ್ತದೆ. ವೃತ್ತದ ತ್ರಿಜ್ಯ ಅಯಾನಿನ ದ್ರವ್ಯರಾಶಿಯ ವರ್ಗಮೂಲಕ್ಕೆ ಅನುಪಾತೀಯ. ಒಂದು ಲೆಕ್ಕ ಮಾಡಿ ನೋಡಿ: 5,000 ವೋಲ್ಟ್, 0.5 ಟೆಸ್ಲಾ. ಪಲ್ಲಾಡಿಯಂ-105ರ ಅಯಾನು ಸಾಗುವ ವೃತ್ತದ ತ್ರಿಜ್ಯ 20.85 ಸೆಂಟಿಮೀಟರ್, ಪಲ್ಲಾಡಿಯಂ-106ರದ್ದು 20.95. ವ್ಯತ್ಯಾಸ ಸುಮಾರು ಒಂದು ಮಿಲಿಮೀಟರ್. ಒಂದು ನ್ಯೂಟ್ರಾನಿನ ವ್ಯತ್ಯಾಸ ಕಣ್ಣಿಗೆ ಕಾಣುವ ಅಂತರವಾಗುತ್ತದೆ! ಭೌತವಿಜ್ಞಾನದಲ್ಲಿ ಇಷ್ಟು ಸರಳ ಸೂತ್ರದಿಂದ ಇಷ್ಟು ದೊಡ್ಡ ಫಲ ಬಂದ ಸಂದರ್ಭಗಳು ಹೆಚ್ಚಿಲ್ಲ.

ಜೆ. ಜೆ. ಥಾಮ್ಸನ್ 1912ರ ಸುಮಾರಿಗೆ ನಿಯಾನ್ ಅನಿಲದಲ್ಲಿ ಎರಡು ಬಗೆಯ ಪರಮಾಣುಗಳ ಸುಳಿವು ಕಂಡರು. ಅವರ ಶಿಷ್ಯ ಆಸ್ಟನ್ 1919ರಲ್ಲಿ ಸುಧಾರಿತ ಉಪಕರಣ ಕಟ್ಟಿ ಅವು 20 ಮತ್ತು 22 ರಾಶಿಯ ಸಮಸ್ಥಾನಿಗಳೆಂದು ತೋರಿಸಿದರು. ಒಂದೇ ಧಾತುವಿನ, ಬೇರೆ ಬೇರೆ ರಾಶಿಯ ಪರಮಾಣುಗಳೇ ಸಮಸ್ಥಾನಿಗಳು. 1922ರಲ್ಲಿ ಆಸ್ಟನ್‌ರಿಗೆ ರಸಾಯನವಿಜ್ಞಾನದ ನೊಬೆಲ್ ಬಂತು.

ಅನಿಲಗಳ ಮಟ್ಟಿಗೆ ಕೆಲಸ ಸುಲಭ. ಲೋಹಗಳನ್ನು ಏನು ಮಾಡುವುದು? ನಿಕ್ಕಲ್ 1,455 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಲೋಹ. ಆಸ್ಟನ್‌ರ ಗಾಜಿನ ನಳಿಗೆಯೊಳಗೆ ಅದನ್ನು ಆವಿ ಮಾಡುವುದು ಆಗದ ಮಾತು. ಅವರು ಹಿಡಿದ ದಾರಿ ಸೊಗಸಾಗಿದೆ. ನಿಕ್ಕಲ್ ಪರಮಾಣುವಿಗೆ ನಾಲ್ಕು ಕಾರ್ಬನ್ ಮೊನಾಕ್ಸೈಡ್ ಅಣುಗಳನ್ನು ಜೋಡಿಸಿದರೆ ನಿಕ್ಕಲ್ ಕಾರ್ಬನೈಲ್ ಎಂಬ ದ್ರವ ಸಿಗುತ್ತದೆ. ಅದು 43 ಡಿಗ್ರಿಯಲ್ಲೇ ಕುದಿಯುತ್ತದೆ. (ಬಹಳ ಅಪಾಯಕಾರಿ ವಿಷವೂ ಹೌದು, ಯಾರೂ ಕಾಲೇಜಿನಲ್ಲಿ ತಯಾರಿಸಲು ಹೋಗಬಾರದು.) ಅದರ ಆವಿಯನ್ನು ನಳಿಗೆಗೆ ಬಿಟ್ಟು 1921ರಲ್ಲಿ ನಿಕ್ಕಲ್‌ನ 58 ಮತ್ತು 60 ರಾಶಿಯ ಸಮಸ್ಥಾನಿಗಳನ್ನು ಕಂಡರು. 1927ರಲ್ಲಿ ಸೀಸಕ್ಕೆ ನಾಲ್ಕು ಮಿಥೈಲ್ ಗುಂಪು ತೊಡಿಸಿದ ಟೆಟ್ರಾಮಿಥೈಲ್ ಲೆಡ್‌ನಿಂದ ಸೀಸದ ಸಮಸ್ಥಾನಿಗಳು ಗೋಚರಿಸಿದವು. ಇಂಗಾಲದ ಗುಂಪುಗಳು ಲೋಹಕ್ಕೆ ನೇರವಾಗಿ ಅಂಟಿಕೊಂಡಿರುವ ಇಂಥ ವಸ್ತುಗಳನ್ನು ಸಾವಯವ ಲೋಹ ಸಂಯುಕ್ತಗಳೆನ್ನುತ್ತೇವೆ. ಇಂದು ಈ ಸಂಯುಕ್ತಗಳನ್ನು ಅರಿಯಲು ರೋಹಿತಮಾಪಕ ಬೇಕೆನ್ನುತ್ತೇವೆ. ಆದಿಯಲ್ಲಿ ಲೋಹಗಳನ್ನು ರೋಹಿತಮಾಪಕದೊಳಗೆ ಹೊತ್ತು ತಂದದ್ದೇ ಅವು.

ಪ್ಲಾಟಿನಂ ಮತ್ತು ಪಲ್ಲಾಡಿಯಂ ಈ ದಾರಿಗೂ ಬಗ್ಗಲಿಲ್ಲ. 1935ರಲ್ಲಿ ಅಮೆರಿಕದ ಡೆಂಪ್‌ಸ್ಟರ್ ನಿರ್ವಾತದಲ್ಲಿ ವಿದ್ಯುತ್ ಕಿಡಿ ಹಾರಿಸಿ, ಲೋಹವನ್ನೇ ನೇರವಾಗಿ ಅಯಾನುಗಳಾಗಿ ಸಿಡಿಸಿ ಅವುಗಳ ಸಮಸ್ಥಾನಿಗಳನ್ನು ಹೊರತಂದರು.

ಆರ್ಗಾನ್ ಜ್ವಾಲೆ

ಕಲ್ಲಿನ ವಿಶ್ಲೇಷಣೆಗೆ ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಐಸಿಪಿ-ಎಂಎಸ್ ಎಂಬ ಉಪಕರಣ. ಇದರ ಮೊದಲ ಲೇಖನವನ್ನು ಹೌಕ್, ಫ್ಯಾಸೆಲ್, ಗ್ರೇ ಮತ್ತಿತರರು 1980ರಲ್ಲಿ ಪ್ರಕಟಿಸಿದರು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯೂ ಸೇರಿದಂತೆ ನಮ್ಮ ದೇಶದ ಹಲವು ಸಂಸ್ಥೆಗಳಲ್ಲಿ ಅದು ದಿನಬಳಕೆಯ ಸಾಧನವಾಗಿದೆ.

ಕ್ವಾರ್ಟ್ಸ್ ಕೊಳವೆಯೊಂದರಲ್ಲಿ ಆರ್ಗಾನ್ ಅನಿಲ ಹರಿಯುತ್ತದೆ. ಕೊಳವೆಯ ತುದಿಗೆ ಸುತ್ತಿದ ತಾಮ್ರದ ಸುರುಳಿಯಲ್ಲಿ ರೇಡಿಯೋ ಆವರ್ತಾಂಕದ ವಿದ್ಯುತ್ ಹರಿಯುತ್ತದೆ, ಸಾಮಾನ್ಯವಾಗಿ 27 ಇಲ್ಲವೆ 40 ಮೆಗಾಹರ್ಟ್ಸ್. ಒಂದು ಕಿಡಿ ಕೊಟ್ಟು ಕೆಲವು ಇಲೆಕ್ಟ್ರಾನುಗಳನ್ನು ಬಿಡಿಸಿದರೆ ಸಾಕು. ಸುರುಳಿಯ ಪ್ರೇರಣೆಯಿಂದ ಅವು ಓಡಾಡಿ, ಇನ್ನಷ್ಟು ಪರಮಾಣುಗಳಿಗೆ ಬಡಿದು, ಕ್ಷಣಾರ್ಧದಲ್ಲಿ ಪ್ಲಾಸ್ಮಾ ಹೊತ್ತಿಕೊಳ್ಳುತ್ತದೆ. ತಾಪ 6,000ದಿಂದ 10,000 ಕೆಲ್ವಿನ್. ಕಲ್ಲನ್ನು ಆಮ್ಲದಲ್ಲಿ ಕರಗಿಸಿ ಪಡೆದ ದ್ರಾವಣವನ್ನು ಮಂಜಿನಂತೆ ಸಿಂಪಡಿಸಿದರೆ ಈ ಜ್ವಾಲೆಯಲ್ಲಿ ನೀರು ಆರಿ, ಲವಣ ಆವಿಯಾಗಿ, ಅಣುಗಳು ಒಡೆದು, ಬಿಡಿ ಪರಮಾಣುಗಳು ಇಲೆಕ್ಟ್ರಾನ್ ಕಳೆದುಕೊಳ್ಳುತ್ತವೆ. ಆರ್ಗಾನಿನ ಅಯಾನೀಕರಣ ಶಕ್ತಿ 15.8 ಇಲೆಕ್ಟ್ರಾನ್ ವೋಲ್ಟ್. ಪಲ್ಲಾಡಿಯಂಗೆ 8.3, ಪ್ಲಾಟಿನಂಗೆ ಸುಮಾರು 9, ವೆನೇಡಿಯಂಗೆ 6.7 ಸಾಕು. ಆದ್ದರಿಂದ ಲೋಹಗಳೆಲ್ಲ ಸುಲಭವಾಗಿ ಅಯಾನುಗಳಾಗುತ್ತವೆ. ಫ್ಲೋರೀನಿಗೆ 17.4 ಬೇಕು, ಅದು ಈ ಜ್ವಾಲೆಗೆ ಜಗ್ಗುವುದಿಲ್ಲ.

ಮುಂದೆ ಸಣ್ಣ ತೂತಿನ ಎರಡು ಲೋಹದ ಶಂಕುಗಳು. ಅವುಗಳ ಮೂಲಕ ಅಯಾನುಗಳು ನಿರ್ವಾತಕ್ಕೆ ನುಗ್ಗುತ್ತವೆ. ಅಲ್ಲಿ ಕಾಂತದ ಬದಲು ನಾಲ್ಕು ಲೋಹದ ಸರಳುಗಳಿರುವುದೇ ಹೆಚ್ಚು. ಸರಳುಗಳಿಗೆ ಕೊಟ್ಟ ವೋಲ್ಟೇಜಿಗೆ ತಕ್ಕ ರಾಶಿಯ ಅಯಾನುಗಳು ಮಾತ್ರ ಓಲಾಡುತ್ತ ದಾಟಿಹೋಗುತ್ತವೆ. ಮಿಕ್ಕವು ಬದಿಗೆ ಬಡಿದು ನಾಶವಾಗುತ್ತವೆ. ಕೊನೆಯಲ್ಲಿ ಒಂದು ಎಣಿಕೆ ಯಂತ್ರ. ಹೀಗೆ ವೋಲ್ಟೇಜನ್ನು ಬದಲಿಸುತ್ತ ಹೋದರೆ, ಯಾವ ರಾಶಿಯ ಅಯಾನು ಸೆಕೆಂಡಿಗೆ ಎಷ್ಟು ಬಂತು ಎಂಬ ಪಟ್ಟಿ ಸಿಗುತ್ತದೆ. ಅದೇ ರೋಹಿತ.

ಮೂವತ್ತು ಗ್ರಾಂ ಕಲ್ಲಿನ ಅಗ್ನಿಪರೀಕ್ಷೆ

ಪಲ್ಲಾಡಿಯಂ ಕಲ್ಲಿನಲ್ಲಿ ಸಮನಾಗಿ ಹರಡಿರುವುದಿಲ್ಲ. ಸೂಕ್ಷ್ಮದರ್ಶಕಕ್ಕಷ್ಟೇ ಕಾಣುವ ಕಣಗಳಲ್ಲಿ ಅಡಗಿರುತ್ತದೆ. ಒಂದು ಚಿಟಿಕೆ ಪುಡಿ ತೆಗೆದರೆ ಅದರಲ್ಲಿ ಒಂದು ಕಣ ಸಿಕ್ಕರೂ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಒಮ್ಮೆಗೆ ಮೂವತ್ತು ಗ್ರಾಮಿನಷ್ಟಾದರೂ ಪುಡಿ ಬೇಕು. ಶತಕೋಟಿಯಲ್ಲಿ 10 ಭಾಗ ಪಲ್ಲಾಡಿಯಂ ಇರುವ ಕಲ್ಲಾದರೆ ಮೂವತ್ತು ಗ್ರಾಮಿನಲ್ಲಿರುವುದು 0.3 ಮೈಕ್ರೊಗ್ರಾಂ ಮಾತ್ರ. ಪರಮಾಣುಗಳ ಲೆಕ್ಕದಲ್ಲಿ ಇದು ಕಡಿಮೆಯೇನಲ್ಲ: ಸುಮಾರು 1,700 ಲಕ್ಷ ಕೋಟಿ.

ಈ ಅತ್ಯಲ್ಪವನ್ನು ಒಟ್ಟುಗೂಡಿಸುವ ವಿಧಾನ ಅಕ್ಕಸಾಲಿಗರ ಪುಟಕ್ಕೆ ಹತ್ತಿರದ ಬಂಧು. ಪುಡಿಗೆ ಸೋಡಿಯಂ ಕಾರ್ಬೊನೇಟ್, ಬೊರಾಕ್ಸ್, ನಿಕ್ಕಲ್ ಮತ್ತು ಗಂಧಕ ಸೇರಿಸಿ ಮೂಸೆಯಲ್ಲಿ ಸಾವಿರ ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಕಲ್ಲು ಕರಗಿ ಗಾಜಿನಂಥ ಕಿಟ್ಟವಾಗುತ್ತದೆ. ನಿಕ್ಕಲ್ ಸಲ್ಫೈಡ್ ಹನಿಹನಿಯಾಗಿ ಇಳಿಯುತ್ತ, ದಾರಿಯಲ್ಲಿ ಸಿಕ್ಕ ಪ್ಲಾಟಿನಂ, ಪಲ್ಲಾಡಿಯಂಗಳನ್ನು ಬಾಚಿಕೊಂಡು ತಳದಲ್ಲಿ ಗುಂಡಿಯಾಗಿ ನಿಲ್ಲುತ್ತದೆ. ಈ ಗುಂಡಿಯನ್ನು ಒಡೆದು ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕುದಿಸಿದರೆ ನಿಕ್ಕಲ್ ಕರಗಿ ಹೋಗುತ್ತದೆ. ಅಮೂಲ್ಯ ಲೋಹಗಳು ಕರಗದ ಶೇಷದಲ್ಲಿ ಉಳಿಯುತ್ತವೆ. ಅದನ್ನು ರಾಜೋದಕದಲ್ಲಿ ಕರಗಿಸಿ ಉಪಕರಣಕ್ಕೆ ಕೊಡುತ್ತಾರೆ. ಇಷ್ಟು ಹಂತಗಳಲ್ಲಿ ಸ್ವಲ್ಪ ಲೋಹ ಸೋರಿಹೋಗುವುದು ಸಹಜ. ಅದಕ್ಕೊಂದು ಉಪಾಯವಿದೆ. ಕೆರೆಯಲ್ಲಿರುವ ಮೀನು ಎಷ್ಟೆಂದು ತಿಳಿಯಲು ಗುರುತು ಹಾಕಿದ ನೂರು ಮೀನು ಬಿಟ್ಟು, ನಂತರ ಬಲೆಗೆ ಬಿದ್ದವುಗಳಲ್ಲಿ ಗುರುತಿನವು ಎಷ್ಟು ಎಂದು ನೋಡುವುದಿಲ್ಲವೇ? ಹಾಗೆಯೇ ಪಲ್ಲಾಡಿಯಂ-108ನ್ನು ಹೆಚ್ಚಾಗಿ ಹೊಂದಿರುವ ವಿಶೇಷ ಪಲ್ಲಾಡಿಯಂ ಅನ್ನು ತಿಳಿದ ಮೊತ್ತದಲ್ಲಿ ಮೊದಲೇ ಬೆರೆಸಿಬಿಟ್ಟರೆ ಮುಂದೆ ಎಷ್ಟು ಸೋರಿದರೂ ಎರಡರ ಅನುಪಾತ ಬದಲಾಗುವುದಿಲ್ಲ. ಆ ಅನುಪಾತದಿಂದ ಕಲ್ಲಿನಲ್ಲಿದ್ದ ಮೊತ್ತ ಸಿಗುತ್ತದೆ.

ಒಂದೇ ತೂಕದ ಎರಡು ಮೂಟೆ

ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ನಿಜವಾದ ತೊಡಕು ಎದುರಾಗುತ್ತದೆ. ತಕ್ಕಡಿ ತೂಕವನ್ನು ಹೇಳುತ್ತದೆ, ಹೆಸರನ್ನು ಹೇಳುವುದಿಲ್ಲ. ಎಪ್ಪತ್ತು ಕಿಲೋ ತೂಗುವ ಮೂಟೆಯಲ್ಲಿ ಅಡಿಕೆ ಇದೆಯೋ ಭತ್ತ ಇದೆಯೋ ತಕ್ಕಡಿಯ ಮುಳ್ಳಿಗೆ ತಿಳಿಯದು. ರೋಹಿತಮಾಪಕಕ್ಕೆ ಗೊತ್ತಾಗುವುದೂ ರಾಶಿ ಮತ್ತು ಆವೇಶಗಳ ಅನುಪಾತ ಮಾತ್ರ.

ಆರ್ಗಾನ್ ಜಡಾನಿಲ, ಯಾವುದರೊಡನೆಯೂ ಕೂಡುವುದಿಲ್ಲ ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಕೊಠಡಿಯ ತಾಪದಲ್ಲಿ ಅದು ಸರಿ. ಪ್ಲಾಸ್ಮಾದ ಬಾಲದಲ್ಲಿ, ಅನಿಲ ಶಂಕುವಿನ ತೂತಿನಿಂದ ನುಗ್ಗಿ ತಣ್ಣಗಾಗುವ ಹೊತ್ತಿನಲ್ಲಿ, ಆರ್ಗಾನ್ ಅಲ್ಪಾಯುಷಿ ಅಯಾನುಗಳಾಗಿ ಬಹಳ ಧಾತುಗಳೊಡನೆ ಕೂಡುತ್ತದೆ. ಆರ್ಗಾನ್-40 ತಾಮ್ರ-65ರೊಡನೆ ಸೇರಿದರೆ ಮೊತ್ತ 105. ಪಲ್ಲಾಡಿಯಂ-105ರದ್ದೂ ಅದೇ ರಾಶಿ. ನಾಲ್ಕು ಸರಳುಗಳ ಉಪಕರಣ ಇವೆರಡನ್ನೂ ಒಂದೇ ಎಂದು ಎಣಿಸುತ್ತದೆ.

ಇದು ಬರೀ ಕಾಗದದ ಮೇಲಿನ ಭಯವಲ್ಲ. ಪಲ್ಲಾಡಿಯಂ ಗಂಧಕಪ್ರಿಯ ಧಾತು. ಶಿಲಾಪಾಕದಲ್ಲಿ ಸಲ್ಫೈಡ್ ಹನಿಗಳು ಬೇರ್ಪಟ್ಟಾಗ ಅದು ಆ ಹನಿಗಳಿಗೆ ಹೋಗುತ್ತದೆ. ತಾಮ್ರವೂ ಅಲ್ಲಿಗೇ ಹೋಗುತ್ತದೆ. ಮೂಸೆಯಲ್ಲಿ ಅಗ್ನಿಪರೀಕ್ಷೆ ಮಾಡುವಾಗಲೂ ಅಷ್ಟೆ: ತಾಮ್ರ ಕಿಟ್ಟಕ್ಕೆ ಹೋಗದೆ ಸಲ್ಫೈಡ್ ಗುಂಡಿಗೆ ಇಳಿಯುತ್ತದೆ, ಆಮ್ಲದಲ್ಲಿ ಕುದಿಸಿದ ಮೇಲೂ ಸ್ವಲ್ಪ ಉಳಿದುಕೊಳ್ಳುತ್ತದೆ. ಹೀಗಾಗಿ ಪಲ್ಲಾಡಿಯಂ ಇರಬಹುದೆಂದು ನಾವು ಆಸೆಯಿಂದ ನೋಡುವ ಕಲ್ಲುಗಳಲ್ಲೇ ತಾಮ್ರ ಹೆಚ್ಚು, ಅಲ್ಲಿಯೇ ಸುಳ್ಳು ಸಂಕೇತವೂ ಹೆಚ್ಚು. ತಪ್ಪು ಎಲ್ಲ ಕಡೆ ಸಮನಾಗಿ ಹಂಚಿಹೋಗಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಇದು ನಮ್ಮ ನಿರೀಕ್ಷೆಗೆ ತಕ್ಕಂತೆಯೇ ಏರಿಳಿಯುವ ತಪ್ಪು. ನಕ್ಷೆಯ ಮೇಲೆ ಅಂಕಿಗಳನ್ನು ಗುರುತಿಸಿದರೆ ಭೂವಿಜ್ಞಾನಕ್ಕೆ ಒಪ್ಪುವ ಸುಂದರ ಚಿತ್ರವೇ ಬಂದೀತು, ಪಲ್ಲಾಡಿಯಂ ಇಲ್ಲದೆಯೂ!

ಬಿಡಿಸಿಕೊಳ್ಳುವ ದಾರಿ ಧಾತುವಿನಲ್ಲೇ ಇದೆ. ಪಲ್ಲಾಡಿಯಂಗೆ ಆರು ಸಮಸ್ಥಾನಿಗಳು. ಪ್ರಕೃತಿಯಲ್ಲಿ ಅವುಗಳ ಪಾಲು ನಿಗದಿಯಾಗಿದೆ: 102 ಶೇಕಡ 1.02, 104 ಶೇಕಡ 11.14, 105 ಶೇಕಡ 22.33, 106 ಶೇಕಡ 27.33, 108 ಶೇಕಡ 26.46, 110 ಶೇಕಡ 11.72. ಚನ್ನಗಿರಿಯ ಕಲ್ಲಿನಲ್ಲಿರಲಿ, ಬುಷ್‌ವೆಲ್ಡ್‌ನಲ್ಲಿರಲಿ, ಈ ಪಾಲು ನಮ್ಮ ಲೆಕ್ಕದ ಮಟ್ಟಿಗೆ ಬದಲಾಗುವುದಿಲ್ಲ. ಆರ್ಗಾನ್-ತಾಮ್ರದ ಜೋಡಿಗೆ ಈ ಪಾಲನ್ನು ಅನುಕರಿಸಲು ಸಾಧ್ಯವಿಲ್ಲ. ಅದು 103 ಮತ್ತು 105ರಲ್ಲಿ ಬರುತ್ತದೆ, 106 ಮತ್ತು 108ರಲ್ಲಿ ಹೇಳಿಕೊಳ್ಳುವಷ್ಟು ಬರುವುದಿಲ್ಲ.

ಒಂದು ಊಹೆಯ ಲೆಕ್ಕ ನೋಡೋಣ. ಉಪಕರಣ ಸೆಕೆಂಡಿಗೆ 105ರಲ್ಲಿ 3,500, 106ರಲ್ಲಿ 2,733, 108ರಲ್ಲಿ 2,646 ಎಣಿಕೆ ಕೊಟ್ಟಿತು ಎನ್ನಿ. 106 ಮತ್ತು 108ರ ಅನುಪಾತ ಪಲ್ಲಾಡಿಯಂನ ಅನುಪಾತಕ್ಕೆ ಸರಿಯಾಗಿದೆ. ಆ ಪ್ರಕಾರ 105ರಲ್ಲಿ 2,233 ಇರಬೇಕಿತ್ತು. ಹೆಚ್ಚಾಗಿ ಬಂದ 1,267 ತಾಮ್ರದ ಕೊಡುಗೆ. 105ನ್ನು ಮಾತ್ರ ನಂಬಿ ಲೆಕ್ಕ ಕೊಟ್ಟವರು ಇರುವುದಕ್ಕಿಂತ ಶೇಕಡ 57ರಷ್ಟು ಹೆಚ್ಚು ಪಲ್ಲಾಡಿಯಂ ಹೇಳಿರುತ್ತಾರೆ. ಇದನ್ನು ಬಂಡೆಯ ಗಾತ್ರದಿಂದ ಗುಣಿಸಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

106ಕ್ಕೂ 108ಕ್ಕೂ ಅವುಗಳದೇ ಕಾಟ ಇದೆ. ಜಿರ್ಕೋನಿಯಂ-90 ಆಮ್ಲಜನಕದೊಡನೆ ಸೇರಿ 106 ಆಗುತ್ತದೆ, ಮಾಲಿಬ್ಡಿನಂ-92 ಆಮ್ಲಜನಕದೊಡನೆ ಸೇರಿ 108 ಆಗುತ್ತದೆ. ಎರಡು ಕಡೆಯೂ ಕ್ಯಾಡ್ಮಿಯಂನ ಚಿಕ್ಕ ಪಾಲುಂಟು. ಪ್ಲಾಟಿನಂ-195ಕ್ಕೆ ಹಾಫ್ನಿಯಂ ಆಕ್ಸೈಡಿನ ಕಾಟ. ಜಿರ್ಕೋನಿಯಂ, ಹಾಫ್ನಿಯಂಗಳನ್ನು ಅಗ್ನಿಪರೀಕ್ಷೆಯ ಕಿಟ್ಟ ಬಹುಮಟ್ಟಿಗೆ ತನ್ನಲ್ಲೇ ಇಟ್ಟುಕೊಳ್ಳುತ್ತದೆ; ಕ್ಯಾಡ್ಮಿಯಂನ್ನು 111ರಲ್ಲಿ ಅಳೆದು ಕಳೆಯಬಹುದು. ಆದ್ದರಿಂದಲೇ ಎಚ್ಚರದ ವಿಶ್ಲೇಷಕರು ಪಲ್ಲಾಡಿಯಂನ್ನು ಮೂರು ರಾಶಿಗಳಲ್ಲಿ ಅಳೆದು ಮೂರೂ ಒಂದೇ ಉತ್ತರ ಕೊಟ್ಟಾಗ ಮಾತ್ರ ಒಪ್ಪುತ್ತಾರೆ. ವರದಿಯ ಕೋಷ್ಟಕದ ಕೆಳಗೆ ಯಾವ ಸಮಸ್ಥಾನಿಯನ್ನು ಅಳೆದರೆಂದು ಬರೆದಿದೆಯೇ ಎಂದು ನಾನು ಮೊದಲು ನೋಡುತ್ತೇನೆ. ಬರೆಯದೇ ಇದ್ದರೆ ಅಂಕಿಯಲ್ಲಿ ಎಷ್ಟು ದಶಮಾಂಶ ಸ್ಥಾನಗಳಿದ್ದರೂ ನನಗೆ ಸಮಾಧಾನವಾಗುವುದಿಲ್ಲ.

ರೋಡಿಯಂನ ಪಾಡು ಇನ್ನೂ ಕಷ್ಟ. ಅದಕ್ಕಿರುವುದು ಒಂದೇ ಸಮಸ್ಥಾನಿ, 103. ತಾಮ್ರ-63ರ ಜೊತೆ ಆರ್ಗಾನ್ ಕೂಡಿದರೂ 103. ಸೀಸ-206 ಎರಡು ಇಲೆಕ್ಟ್ರಾನ್ ಕಳೆದುಕೊಂಡರೆ ರಾಶಿ-ಆವೇಶ ಅನುಪಾತ ಅರ್ಧವಾಗಿ ಮತ್ತೆ 103. ತಾಳೆ ನೋಡಲು ಇನ್ನೊಂದು ಸಮಸ್ಥಾನಿ ಇಲ್ಲ. ತಾಮ್ರ, ಸೀಸಗಳನ್ನು ರಾಸಾಯನಿಕವಾಗಿ ಮೊದಲೇ ಬೇರ್ಪಡಿಸದೆ ವಿಧಿಯಿಲ್ಲ.

ಭೌತವಿಜ್ಞಾನಿಗೆ ಇಷ್ಟವಾಗುವ ಇನ್ನೊಂದು ದಾರಿ ಇದೆ. 105 ಎಂಬುದು ಪೂರ್ಣಾಂಕದ ಸೌಕರ್ಯವಷ್ಟೆ. ಪಲ್ಲಾಡಿಯಂ-105ರ ನಿಖರ ರಾಶಿ 104.9051. ತಾಮ್ರ-65 ಮತ್ತು ಆರ್ಗಾನ್-40 ಸೇರಿದರೆ 104.8902. ಬೀಜಗಳ ಬಂಧನಶಕ್ತಿ ಬೇರೆಬೇರೆಯಾದ್ದರಿಂದ ಬಂದ ವ್ಯತ್ಯಾಸ ಇದು, 0.0149. ಇಷ್ಟನ್ನು ಬಿಡಿಸಿ ತೋರಿಸಲು ಏಳು ಸಾವಿರದಲ್ಲಿ ಒಂದು ಭಾಗವನ್ನು ಗುರುತಿಸುವ ಉಪಕರಣ ಬೇಕು. ನಾಲ್ಕು ಸರಳುಗಳ ಉಪಕರಣಕ್ಕೆ ಸಾಮಾನ್ಯವಾಗಿ ಕೆಲವು ನೂರರಲ್ಲಿ ಒಂದು ಭಾಗ ಮಾತ್ರ ಸಾಧ್ಯ. ಕಾಂತ ಮತ್ತು ವಿದ್ಯುತ್ ಕ್ಷೇತ್ರಗಳೆರಡನ್ನೂ ಬಳಸುವ ದೊಡ್ಡ ಉಪಕರಣಗಳು ಹತ್ತು ಸಾವಿರದವರೆಗೆ ಹೋಗುತ್ತವೆ. ಆದರೆ ಕಿಂಡಿಯನ್ನು ಕಿರಿದು ಮಾಡಿದಷ್ಟೂ ಒಳಬರುವ ಅಯಾನುಗಳು ಕಡಿಮೆ. ಸ್ಪಷ್ಟತೆಗೆ ಸಂವೇದನೆಯ ಬೆಲೆ ತೆರಬೇಕು. ಮಧ್ಯಮ ಮಾರ್ಗವೊಂದಿದೆ: ದಾರಿಯಲ್ಲಿ ಹೀಲಿಯಂ ತುಂಬಿದ ಕೋಶವನ್ನಿಟ್ಟರೆ, ದೊಡ್ಡ ಗಾತ್ರದ ಜೋಡಿ ಅಯಾನುಗಳು ಹೆಚ್ಚು ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಂಡು ಹಿಂದುಳಿಯುತ್ತವೆ, ಬಿಡಿ ಪರಮಾಣುವಿನ ಅಯಾನುಗಳು ದಾಟಿಹೋಗುತ್ತವೆ.

ಉಬ್ರಾಣಿಯ ಕಪ್ಪು ಕಲ್ಲಿನ ಮುಖ್ಯ ಧಾತುಗಳಿಗೂ ಇದೇ ಕಥೆ. ಕಬ್ಬಿಣ-56ರ ಜಾಗದಲ್ಲಿ ಆರ್ಗಾನ್-40 ಮತ್ತು ಆಮ್ಲಜನಕ-16 ಕೂತಿರುತ್ತವೆ. ವೆನೇಡಿಯಂ-51ರ ಜಾಗದಲ್ಲಿ ಕ್ಲೋರೀನ್-35 ಮತ್ತು ಆಮ್ಲಜನಕ-16. ಕಲ್ಲನ್ನು ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕರಗಿಸಿದವನು ತಾನೇ ಕ್ಲೋರೀನನ್ನು ತಂದು ಸುರಿದಿರುತ್ತಾನೆ. ವೆನೇಡಿಯಂನ ಶೇಕಡ 99.75 ಭಾಗ 51ರಲ್ಲೇ ಇದೆ. ಉಳಿದ 50ರ ಮೇಲೆ ಟೈಟೇನಿಯಂ, ಕ್ರೋಮಿಯಂಗಳೆರಡೂ ಕೂರುತ್ತವೆ. ಆದ್ದರಿಂದ ಇಲ್ಲಿ ನೈಟ್ರಿಕ್ ಆಮ್ಲ ಬಳಸುವುದು, ಇಲ್ಲವೆ ಹೀಲಿಯಂ ಕೋಶ ಬಳಸುವುದು ಮೇಲು. ಹಾಗೆ ನೋಡಿದರೆ ಅದಿರಿನಲ್ಲಿರುವ ವೆನೇಡಿಯಂ ಅಳೆಯಲು ರೋಹಿತಮಾಪಕವೇ ಬೇಕಿಲ್ಲ, ಎಕ್ಸ್-ಕಿರಣಗಳ ವಿಧಾನ ಸಾಕು. ಅದೇ ಕಲ್ಲಿನ ಮೇಲೆ ಹರಿದ ಬಾವಿ ನೀರಿನಲ್ಲಿ ವೆನೇಡಿಯಂ ಎಷ್ಟಿದೆ ಎಂದು ಕೇಳಿದಾಗ ಇದರ ಅಗತ್ಯ ಬರುತ್ತದೆ. ಆಗ ನೀರಿನಲ್ಲಿರುವ ಉಪ್ಪಿನ ಕ್ಲೋರೀನ್ ಮೋಸ ಮಾಡದಂತೆ ನೋಡಿಕೊಳ್ಳಬೇಕು.

ಲೋಹ ತೊಟ್ಟ ಬಟ್ಟೆ

ಪ್ಲಾಸ್ಮಾ ಅಣುಗಳನ್ನೆಲ್ಲ ಸುಟ್ಟುಬಿಡುತ್ತದೆ. ಎಷ್ಟು ಪಲ್ಲಾಡಿಯಂ ಇದೆ ಎಂಬ ಪ್ರಶ್ನೆಗೆ ಅದು ಉತ್ತರಿಸಬಲ್ಲದು. ಪಲ್ಲಾಡಿಯಂ ಯಾವುದರೊಡನೆ ಕೂಡಿತ್ತು ಎಂಬ ಪ್ರಶ್ನೆಗೆ ಅಲ್ಲ. ಗಣಿಯಿಂದ ಹೊರಬಂದ ಪಲ್ಲಾಡಿಯಂನ ಒಂದು ಪಾಲು ಔಷಧ ಕಾರ್ಖಾನೆಗಳಿಗೆ ಹೋಗುತ್ತದೆ. ಇಂಗಾಲಕ್ಕೆ ಇಂಗಾಲವನ್ನು ಬೆಸೆಯಲು ಅದು ಕ್ರಿಯಾವರ್ಧಕ. ಈ ಕ್ರಿಯೆಗಳಿಗಾಗಿ ಹೆಕ್, ನೆಗಿಶಿ, ಸುಜುಕಿ 2010ರ ನೊಬೆಲ್ ಪಡೆದರು. ಕ್ರಿಯೆಯ ನಡುವೆ ಪಲ್ಲಾಡಿಯಂ ಸಾವಯವ ಗುಂಪುಗಳನ್ನು ತೊಡುತ್ತದೆ, ಕಳಚುತ್ತದೆ. ಕೊನೆಯಲ್ಲಿ ಮಾತ್ರೆಯಲ್ಲಿ ಉಳಿದ ಪಲ್ಲಾಡಿಯಂ, ಬಾಯಿಯಿಂದ ಸೇವಿಸುವ ಔಷಧದಲ್ಲಿ, ದಿನಕ್ಕೆ 100 ಮೈಕ್ರೊಗ್ರಾಂ ಮೀರಬಾರದೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿಯಿದೆ. ಮಾತ್ರೆಯಲ್ಲಿ ಉಳಿದದ್ದನ್ನು ಅಳೆಯಲು ಮತ್ತೆ ಅದೇ ಆರ್ಗಾನ್ ಜ್ವಾಲೆ. ಕ್ರಿಯೆಯ ನಡುವಿನ ರೂಪವನ್ನು ನೋಡಲು ಮೆದುವಾದ ವಿಧಾನ ಬೇಕು.

ಅಂಥದ್ದು ಇಲೆಕ್ಟ್ರೋಸ್ಪ್ರೇ. ದ್ರಾವಣವನ್ನು ಕೆಲವು ಸಾವಿರ ವೋಲ್ಟ್ ಕೊಟ್ಟ ತೆಳು ಸೂಜಿಯಿಂದ ಚಿಮ್ಮಿಸಿದರೆ ಆವೇಶ ಹೊತ್ತ ಹನಿಗಳು ಹೊರಬಂದು, ಆವಿಯಾಗುತ್ತ ಕುಗ್ಗಿ, ಒಳಗಿನ ಅಣುವನ್ನು ಇಡಿಯಾಗಿ ಬಿಟ್ಟುಕೊಡುತ್ತವೆ. ಇದನ್ನು ಬೆಳೆಸಿದ ಜಾನ್ ಫೆನ್ 2002ರ ನೊಬೆಲ್ ಹಂಚಿಕೊಂಡರು. ಪಲ್ಲಾಡಿಯಂ ಮತ್ತು ಎರಡು ಟ್ರೈಫೀನೈಲ್ ಫಾಸ್ಫೀನ್‌ಗಳಿರುವ ಅಯಾನಿನ ರಾಶಿ 106 ಮತ್ತು ಎರಡು ಸಲ 262, ಅಂದರೆ 630ರ ಸುತ್ತ ಇರುತ್ತದೆ. ಅಲ್ಲಿ ಒಂದು ಗೆರೆಯಲ್ಲ, ಗೆರೆಗಳ ಗೊಂಚಲೇ ಕಾಣುತ್ತದೆ. ಪಲ್ಲಾಡಿಯಂನ ಆರು ಸಮಸ್ಥಾನಿಗಳ ಪಾಲು ಅಲ್ಲಿ ಮರುಕಳಿಸಿರುತ್ತದೆ. ಮೂವತ್ತಾರು ಇಂಗಾಲಗಳಲ್ಲಿ ಕೆಲವು ಇಂಗಾಲ-13 ಆಗಿರುವುದರಿಂದ ಗೊಂಚಲು ಸ್ವಲ್ಪ ಕದಡಿರುತ್ತದೆ, ಲೆಕ್ಕ ಹಾಕಿ ತಾಳೆ ನೋಡಬೇಕು. ಕಲ್ಲಿನಲ್ಲಿ ತಾಮ್ರದ ಸುಳ್ಳನ್ನು ಬಯಲು ಮಾಡಿದ ಅದೇ ಪಾಲು ಇಲ್ಲಿ ಅಣುವಿನಲ್ಲಿ ಲೋಹ ಇದೆಯೆಂಬುದಕ್ಕೆ ಸಾಕ್ಷಿ.

ಪಲ್ಲಾಡಿಯಂ ಸಂಯುಕ್ತದ ಲೆಕ್ಕ ತರಗತಿಗೆ ಭಾರವಾದೀತು. ಹಗುರವಾದ ಎರಡನ್ನು ಹೇಳುತ್ತೇನೆ. ಎರಡರಲ್ಲೂ ಆವಿಗೆ 70 ಇಲೆಕ್ಟ್ರಾನ್ ವೋಲ್ಟ್ ಶಕ್ತಿಯ ಇಲೆಕ್ಟ್ರಾನುಗಳನ್ನು ಬಡಿಸುವ ಹಳೆಯ ವಿಧಾನವೇ ಸಾಕು. ಕ್ರೋಮಿಯಂ ಹೆಕ್ಸಾಕಾರ್ಬನೈಲ್‌ನಲ್ಲಿ ಒಂದು ಕ್ರೋಮಿಯಂ-52ರ ಸುತ್ತ 28 ರಾಶಿಯ ಆರು ಕಾರ್ಬನ್ ಮೊನಾಕ್ಸೈಡ್ ಅಣುಗಳಿವೆ. ಒಟ್ಟು 220. ರೋಹಿತದಲ್ಲಿ 220, 192, 164, 136, 108, 80, 52 ಎಂದು ಮೆಟ್ಟಿಲಿನಂತೆ ಗೆರೆಗಳು ಬರುತ್ತವೆ: ಲೋಹ ಒಂದೊಂದೇ ಅಂಗಿ ಕಳಚಿ ಕೊನೆಗೆ ಬರಿಮೈಯಲ್ಲಿ ನಿಲ್ಲುತ್ತದೆ. ಎರಡನೆಯದು ಫೆರೋಸೀನ್, ಐದು ಇಂಗಾಲಗಳ ಎರಡು ಬಳೆಗಳ ನಡುವೆ ಒಂದು ಕಬ್ಬಿಣ. ಹತ್ತು ಇಂಗಾಲ, ಹತ್ತು ಜಲಜನಕ, ಕಬ್ಬಿಣ-56 ಸೇರಿ 186. ಒಂದು ಬಳೆ ಕಳಚಿದರೆ 121. ಈಗ ವಿದ್ಯಾರ್ಥಿಗಳಿಗೆ ಗ್ರಾಫ್ ಕಾಗದ ಕೊಟ್ಟು 186ರ ಗೆರೆಯನ್ನು ನೂರು ಮನೆ ಎತ್ತರ ಬರೆಯಲು ಹೇಳಿ. ಕಬ್ಬಿಣ-54ರ ಪಾಲು ಶೇಕಡ 5.85, ಕಬ್ಬಿಣ-56ರದ್ದು 91.75, ಕಬ್ಬಿಣ-57ರದ್ದು 2.12. ಇಂಗಾಲ-12ರ ನೂರು ಪರಮಾಣುಗಳಿಗೆ ಇಂಗಾಲ-13 ಸುಮಾರು 1.08. ಇವಿಷ್ಟರಿಂದ 184 ಮತ್ತು 187ರ ಗೆರೆಗಳು ಎಷ್ಟೆತ್ತರ ಇರಬೇಕೆಂದು ಅವರೇ ಕಂಡುಹಿಡಿಯಲಿ. ಉತ್ತರ 6.4 ಮತ್ತು 13ರ ಆಸುಪಾಸು ಬರಬೇಕು. 184ರಲ್ಲಿ ಗೆರೆಯೇ ಇಲ್ಲದ 186ನ್ನು ಯಾರಾದರೂ ಫೆರೋಸೀನ್ ಎಂದು ತಂದರೆ ಅದರಲ್ಲಿ ಕಬ್ಬಿಣ ಇಲ್ಲ.